ಎರಡೂ ಕಡೆಯವಳು

ವಸುಂಧರಮ್ಮ ಮೂವತ್ತನಾಲ್ಕು ವರ್ಷ ಮೈಸೂರು ರೈಲು ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂತು ದುಡಿದವರು. ಸರತಿ ತಪ್ಪಿಸಿ ನುಗ್ಗುವವರನ್ನು ಬರೀ ಮಾತಿನಲ್ಲೇ ಹಿಂದಕ್ಕೆ ಕಳಿಸುವುದರಲ್ಲಿ ಅವರದು ಎತ್ತಿದ ಕೈ. ಅಂಥವರು ಟೋಕಿಯೋದ ಕುಟುಂಬ ನ್ಯಾಯಾಲಯದಲ್ಲಿ ಬೆಳಗಿನ ಹತ್ತು ಗಂಟೆಯಿಂದ ತುಟಿ ಪಿಟಕ್ಕೆನ್ನದೆ ಕೂತಿದ್ದರು ಎಂದರೆ ಅವರನ್ನು ಬಲ್ಲ ಯಾರೂ ನಂಬಲಾರರು.

ಪಕ್ಕದಲ್ಲಿ ಮಗ ಸಂದೀಪ; ಅವನಿಗಾಗಿಯೇ ಅವರು ಮೂರು ತಿಂಗಳ ವೀಸಾ ಮಾಡಿಸಿಕೊಂಡು ಬಂದಿದ್ದರು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿ ಅವನನ್ನು ಇಲ್ಲಿಗೆ ಕಳಿಸಿ ಒಂಬತ್ತು ವರ್ಷವಾಗಿತ್ತು, ಮನೆ ಟೋಕಿಯೋದ ಫುನಾಬೊರಿಯಲ್ಲಿ. ಹೋದ ವರ್ಷ ಅವನ ಹೆಂಡತಿ ಹರ್ಷಿಣಿ ಏಳು ವರ್ಷದ ಮಗಳು ನಿಧಿಯನ್ನು ಕರೆದುಕೊಂಡು ಟೋಕಿಯೋದ ಹೊರಗಿನ ತ್ಸುಕುಬಾಕ್ಕೆ ಹೊರಟುಹೋದಳು. ಅಲ್ಲಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಅವಳಿಗೆ ಕೆಲಸ. ಹೊಡೆದದ್ದಿಲ್ಲ, ಬಡಿದದ್ದಿಲ್ಲ, ಕುಡಿತವಿಲ್ಲ, ಇನ್ನೊಬ್ಬರ ಸಹವಾಸವಿಲ್ಲ. ಇಬ್ಬರೂ ಜಾಣರು, ಇಬ್ಬರಿಗೂ ತಾವು ಹೇಳಿದ್ದೇ ಕೊನೆಯ ಮಾತಾಗಬೇಕು. ಮನೆ ಒಡೆಯಲು ಅಷ್ಟು ಧಾರಾಳವಾಗಿ ಸಾಕಾಯಿತು.

ಮೊದಲೆರಡು ಸಲ ಸಂದೀಪ ಮಗಳನ್ನು ನೋಡಲು ತ್ಸುಕುಬಾ ಸ್ಟೇಷನ್ನಿಗೆ ಹೋಗಿದ್ದ. ಎರಡು ಸಲವೂ ಮಗುವನ್ನು ಒಪ್ಪಿಸುವ ಹೊತ್ತಿಗೆ ಗಂಡ ಹೆಂಡತಿಯ ಮಾತು ಹತ್ತಿಕೊಂಡಿತು. ಯಾರ ಗೊಡವೆಗೂ ಹೋಗದ ಜಪಾನೀ ಜನ ಕೂಡ ನಿಂತು ನೋಡುವಷ್ಟು ಜೋರಾಯಿತು. ನಿಧಿ ಕಿವಿ ಮುಚ್ಚಿಕೊಂಡು ಕಂಬದ ಹಿಂದೆ ನಿಂತಿದ್ದಳು. ಮೂರನೆಯ ಸಲ ಹರ್ಷಿಣಿ ಬರಲೇ ಇಲ್ಲ. ಸಂದೀಪ ನ್ಯಾಯಾಲಯಕ್ಕೆ ಅರ್ಜಿ ಹಾಕಿದ. ಅವನು ಮಗಳ ಮುಖ ಕಂಡು ಈಗ ಹತ್ತು ತಿಂಗಳು.

ಇವತ್ತು ತೀರ್ಮಾನವಾಗಬೇಕಾದದ್ದು ಒಂದೇ ವಿಷಯ. ತಾನು ಸಂದೀಪನ ಎದುರು ನಿಲ್ಲುವುದಿಲ್ಲ ಎಂದು ಹರ್ಷಿಣಿ ಹೇಳಿದ್ದಳು. ಮಗುವನ್ನು ಅವನ ಹತ್ತಿರ ಬಿಟ್ಟು, ಎರಡು ಗಂಟೆಯ ನಂತರ ವಾಪಸು ಕರೆತರಲು ತನ್ನ ಕಡೆಯವರೊಬ್ಬರು ಬೇಕು ಎಂದಿದ್ದಳು. ಈ ಕೆಲಸಕ್ಕೆಂದೇ ಇರುವ ಸಂಸ್ಥೆಯೊಂದರಿಂದ ಒಬ್ಬ ಹೆಂಗಸನ್ನು ಕಳಿಸಿ ನೋಡಿದ್ದೂ ಆಗಿತ್ತು. ನಿಧಿ ಆಕೆಯ ಕೈ ಹಿಡಿಯಲು ಒಪ್ಪದೆ ಹೊಸ್ತಿಲಲ್ಲೇ ಕೂತುಬಿಟ್ಟಿದ್ದಳು. ಬೇರೆ ಯಾರೂ ಸಿಗದಿದ್ದರೆ ಈ ವರ್ಷ ಭೇಟಿಯಿಲ್ಲ, ತಿಂಗಳಿಗೊಂದು ಪತ್ರ ಮತ್ತು ನಾಲ್ಕು ಫೋಟೋ ಮಾತ್ರ.

ಆ ಮಹಡಿಯಲ್ಲಿ ಕಾಯುವ ಕೋಣೆಗಳು ಎರಡಿದ್ದವು. ಅರ್ಜಿ ಹಾಕಿದವರಿಗೆ ಕಾರಿಡಾರಿನ ಈ ತುದಿಯಲ್ಲಿ ಒಂದು, ಎದುರು ಪಕ್ಷದವರಿಗೆ ಆ ತುದಿಯಲ್ಲಿ ಇನ್ನೊಂದು. ಒಬ್ಬರ ಕಣ್ಣಿಗೆ ಒಬ್ಬರು ಬೀಳಬಾರದಲ್ಲ! ‘ಎದುರು ಪಕ್ಷವಂತೆ’ ಎಂದು ವಸುಂಧರಮ್ಮ ಮನಸ್ಸಿನಲ್ಲೇ ಮೂತಿ ತಿರುವಿದರು. ನೆತ್ತಿಗೆ ಎಣ್ಣೆಯಿಟ್ಟು, ಜಡೆ ಹೆಣೆದು ತಾವೇ ಸ್ಕೂಲಿಗೆ ಕಳಿಸುತ್ತಿದ್ದ ಹುಡುಗಿ ಈಗ ಎದುರು ಪಕ್ಷ.

ಏಕೆಂದರೆ ಹರ್ಷಿಣಿ ಹೊರಗಿನವಳಲ್ಲ, ವಸುಂಧರಮ್ಮನ ಒಡಹುಟ್ಟಿದ ತಮ್ಮ ಶಿವಕುಮಾರನ ಮಗಳು. ನಾಲ್ಕನೆಯ ವರ್ಷಕ್ಕೇ ತಾಯಿಯನ್ನು ಕಳೆದುಕೊಂಡವಳು. ‘ನಿನ್ನ ಮಗಳನ್ನ ನನ್ನ ಮಗನಿಗೆ ಕೊಡೋ’ ಎಂದು ತಮ್ಮನ ಮುಂದೆ ಕೂತು ಕೇಳಿದವರು ಇವರೇ. ಮದುವೆಯ ದಿನ ಬೀಗಿತ್ತಿಯಾಗಿ ಬೀಗುವುದನ್ನು ಬಿಟ್ಟು, ಹೆಣ್ಣಿನ ಕಡೆ ನೋಡಿಕೊಳ್ಳುವವರಿಲ್ಲವೆಂದು ಅಡಿಗೆಯವರ ಬೆನ್ನು ಹತ್ತಿ ಓಡಾಡಿದವರೂ ಇವರೇ. ‘ವಸುಂಧರಾ, ನೀನು ಯಾವ ಕಡೆಯವಳೇ?’ ಎಂದು ನೆಂಟರೆಲ್ಲ ನಕ್ಕಿದ್ದರು.

ಆದರೆ ಸೊಸೆ ಮನೆ ಬಿಟ್ಟಳೆಂದು ಕೇಳಿದಾಗ ಆ ಜಡೆ ಹೆಣೆದ ಕೈ ನೆನಪಿಗೆ ಬರಲಿಲ್ಲ. ಫೋನ್ ಎತ್ತಿಕೊಂಡು ಹರ್ಷಿಣಿಗೆ ಬಾಯಿಗೆ ಬಂದಂತೆ ಅಂದುಬಿಟ್ಟರು. ಅದು ಕಿವಿಗೆ ಬಿದ್ದದ್ದೇ ಶಿವಕುಮಾರ ಅಕ್ಕನ ಜೊತೆ ಮಾತು ಬಿಟ್ಟ. ಆ ವರ್ಷ ಗೌರಿ ಹಬ್ಬಕ್ಕೆ ತವರಿನ ಬಾಗಿನ ಬರಲಿಲ್ಲ. ಟೋಕಿಯೋದಲ್ಲಿ ಗಂಡ ಹೆಂಡತಿ ಬೇರೆಯಾದರೆ ಮೈಸೂರಿನಲ್ಲಿ ಅಕ್ಕ ತಮ್ಮನೂ ಬೇರೆಯಾಗಬೇಕೆಂದು ಯಾವ ಕಾನೂನಿನಲ್ಲಿತ್ತೋ ಗೊತ್ತಿಲ್ಲ, ಆದರೆ ಹಾಗೇ ಆಯಿತು.

ಹನ್ನೊಂದೂವರೆಗೆ ನಿಶಿಮುರಾ ಸಾನ್ ಬಂದು ವಸುಂಧರಮ್ಮನನ್ನು ಕರೆದರು. ಮಕ್ಕಳ ವಿಷಯ ವಿಚಾರಿಸಿ ವರದಿ ಬರೆಯುವ ನ್ಯಾಯಾಲಯದ ಅಧಿಕಾರಿ ಆಕೆ; ಸಾನ್ ಎಂದರೆ ನಮ್ಮ ‘ಅವರು’ ಇದ್ದ ಹಾಗೆ. ಜೊತೆಗೆ ದುಭಾಷಿಯಾಗಿ ಟೋಕಿಯೋದ ನಿಶಿ ಕಸಾಯಿಯಲ್ಲಿರುವ ಕನ್ನಡದ ಹುಡುಗಿ ಶ್ರೀವಿದ್ಯಾ. ವಸುಂಧರಮ್ಮ ಚೀಲದಿಂದ ಐದು ಹಾಳೆ ತೆಗೆದರು. ಅಜ್ಜಿಯಾದವಳಿಗೂ ಮೊಮ್ಮಗಳನ್ನು ನೋಡುವ ಹಕ್ಕಿದೆ, ತಮ್ಮ ಮಗನಂಥ ಅಪ್ಪ ಇನ್ನೊಬ್ಬನಿಲ್ಲ ಎಂದು ಮೂರು ರಾತ್ರಿ ಕೂತು ಬರೆದದ್ದು.

ನಿಶಿಮುರಾ ಸಾನ್ ಅದಕ್ಕೆ ತಲೆಬಾಗಿ, ಮೊದಲು ಇದೊಂದು ಮುಗಿಸೋಣವೆಂದು ಬಿಳಿ ಹಾಳೆಯ ಮೇಲೆ ಪೆನ್ಸಿಲಿನಿಂದ ವಂಶವೃಕ್ಷ ಬರೆಯತೊಡಗಿದರು. ತಂದೆಯ ಕಡೆಯವರು ಎಡಕ್ಕೆ, ತಾಯಿಯ ಕಡೆಯವರು ಬಲಕ್ಕೆ. ಎಡಗಡೆ ಸಂದೀಪನ ಮೇಲೆ ವಸುಂಧರಾ ಎಂದು ಬಂತು. ಬಲಗಡೆ ಹರ್ಷಿಣಿಯ ಮೇಲೆ ಶಿವಕುಮಾರ.

“ಹರ್ಷಿಣಿ ತಂದೆ ಜಪಾನಿಗೆ ಬರೋಕಾಗತ್ತಾ ಅಂತ ಕೇಳ್ತಿದಾರೆ ಆಂಟಿ,” ಎಂದಳು ಶ್ರೀವಿದ್ಯಾ.

“ಎಲ್ಲಮ್ಮಾ? ಆಗಸ್ಟ್‌ನಲ್ಲಿ ಹಾರ್ಟ್ ಆಪರೇಷನ್ ಆಗಿದೆ. ಪ್ಲೇನ್ ಹತ್ತೋ ಹಾಗಿಲ್ಲ.”

“ಅವರಿಗೆ ಅಣ್ಣ ತಮ್ಮ, ಅಕ್ಕ ತಂಗಿ?”

“ಒಬ್ಳೇ ಅಕ್ಕ.”

“ಅವರೆಲ್ಲಿದಾರೆ?”

“ಇಲ್ಲೇ ಜಪಾನಲ್ಲೇ ಇದಾಳೆ.”

ನಿಶಿಮುರಾ ಸಾನ್ ಅವರ ಮುಖ ಅರಳಿತು. “ಜಪಾನಲ್ಲಿ ಎಲ್ಲಿ?”

“ನಿಮ್ಮ ಮುಂದೆ ಈ ಕುರ್ಚಿ ಮೇಲೆ.”

ಶ್ರೀವಿದ್ಯಾಗೆ ನಗು ತಡೆಯಲಾಗಲಿಲ್ಲ. ಅವಳು ಬಿಡಿಸಿ ಹೇಳಿದ ಮೇಲೆ ನಿಶಿಮುರಾ ಸಾನ್ ಎಡಗಡೆಯ ವಸುಂಧರಾಳಿಂದ ಬಲಗಡೆಯ ಶಿವಕುಮಾರನ ತನಕ ಒಂದು ಗೆರೆ ಎಳೆದರು. ಅದು ನಡುವಿನ ಗೆರೆಗಳನ್ನೆಲ್ಲ ದಾಟಿಕೊಂಡು ಹೋಯಿತು. “ಸುಮಿಮಾಸೆನ್” ಎಂದು ಕ್ಷಮೆ ಕೇಳಿ ಹೊಸ ಹಾಳೆ ತೆಗೆದುಕೊಂಡರು. ಅದರಲ್ಲೂ ಅದೇ ಅವಸ್ಥೆ. ನಮ್ಮ ಕಡೆ ಸೋದರಿಕೆಯ ಮದುವೆ ಎಷ್ಟು ಮಾಮೂಲೆಂದು ಶ್ರೀವಿದ್ಯಾ ಜಪಾನಿಯಲ್ಲಿ ಕಷ್ಟಪಟ್ಟು ವಿವರಿಸಿದಳು. ಕೊನೆಗೆ ಆಕೆ ವಸುಂಧರಮ್ಮನ ಹೆಸರನ್ನು ಎರಡೂ ಕಡೆ ಬರೆದು, ಪೆನ್ಸಿಲ್ ಕೆಳಗಿಟ್ಟು, ಒಂದು ಪ್ರಶ್ನೆ ಕೇಳಿದರು.

“ಮಗುವನ್ನ ಕರ್ಕೊಂಡು ಬರೋರು ಒಂದು ಕಡೆಯವರು ಮಾತ್ರ ಆಗಿರಬೇಕಂತೆ. ನೀವು ಯಾರ ಕಡೆಯವರು ಅಂತ ಕೇಳ್ತಿದಾರೆ,” ಎಂದಳು ಶ್ರೀವಿದ್ಯಾ.

ಮದುವೆಮನೆಯಲ್ಲಿ ನಗೆ ತರಿಸಿದ್ದ ಪ್ರಶ್ನೆ ಇಲ್ಲಿ ಎದೆಗೆ ನಾಟಿತು. ಬಲಗಡೆಯ ಕಾಲಂ ಬಹುಮಟ್ಟಿಗೆ ಖಾಲಿಯಿತ್ತು. ತಾಯಿಯಿಲ್ಲ, ತಂದೆ ಬರುವ ಹಾಗಿಲ್ಲ, ಅಣ್ಣ ತಮ್ಮಂದಿರಿಲ್ಲ. ಈ ದೇಶದಲ್ಲಿ ಆ ಹುಡುಗಿಯ ಕಡೆಯವರು ಅಂತ ಇದ್ದದ್ದು ತಾವೊಬ್ಬರೇ, ತಾವೂ ಮಗನ ಕೋಣೆಯಲ್ಲಿ ಹೋಗಿ ಕೂತಿದ್ದರು. ವಸುಂಧರಮ್ಮನಿಗೆ ನಾಚಿಕೆಯಾಯಿತು. ಐದು ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿದರು.

“ಹುಡುಗಿ ಕಡೆಯವಳು ಅಂತ ಬರ್ಕೊಳ್ಳಿ.”

ಅವರು ಹೇಳಿದರೆ ಸಾಲದು, ಹರ್ಷಿಣಿ ಒಪ್ಪಬೇಕಿತ್ತು. ನಿಶಿಮುರಾ ಸಾನ್ ಆ ತುದಿಗೆ ಹೋಗಿ ಕೇಳಿ ಬರಲು ಇಪ್ಪತ್ತೈದು ನಿಮಿಷ ಹಿಡಿಯಿತು. ಆಮೇಲೆ ವಸುಂಧರಮ್ಮನನ್ನು ಕರೆದುಕೊಂಡು ಕಾರಿಡಾರಿನಲ್ಲಿ ನಡೆದರು.

ಹರ್ಷಿಣಿ ಕಿಟಕಿಯ ಪಕ್ಕ ಕೂತಿದ್ದಳು. ಇಳಿದುಹೋಗಿದ್ದಳು. ಎದ್ದು ನಿಲ್ಲಲಿಲ್ಲ, ಕೂತುಕೊಳ್ಳಿ ಎನ್ನಲೂ ಇಲ್ಲ.

“ಹರ್ಷಿ, ನಾನು ಸಂದೀಪನ ಅಮ್ಮ ಅಂತ ಬಂದಿಲ್ಲ ಕಣೇ. ನಿಮ್ಮಪ್ಪನ ಅಕ್ಕ ಅಂತ ಬಂದಿದೀನಿ.”

“ಇಷ್ಟು ದಿನ ಎಲ್ಲಿದ್ರು ಅತ್ತೆ, ನಮ್ಮಪ್ಪನ ಅಕ್ಕ?”

“ತಪ್ಪಾಯ್ತು” ಎಂದರು ವಸುಂಧರಮ್ಮ. ಕೌಂಟರಿನ ಹಿಂದೆ ಕೂತ ಅಷ್ಟೂ ವರ್ಷದಲ್ಲಿ ಅವರ ಬಾಯಿಂದ ಬರದ ಮಾತದು.

ಹರ್ಷಿಣಿ ಕಿಟಕಿಯಿಂದ ಈ ಕಡೆ ತಿರುಗಿದಳು. “ಬರೋದಾದ್ರೆ ಪೂರ್ತಿ ಬರಬೇಕು. ವೀಸಾ ಮುಗಿಯೋವರೆಗೂ ನನ್ ಜೊತೆ ತ್ಸುಕುಬಾದಲ್ಲೇ ಇರಿ. ಫುನಾಬೊರಿಗೆ ಹೋಗೋ ಹಾಗಿಲ್ಲ. ನನ್ ವಿಷ್ಯ ಅವರಿಗೆ, ಅವರ ವಿಷ್ಯ ನಂಗೆ ಬೇಡ. ಫೋನೂ ಬೇಡ. ನಿಧಿ ವಿಷ್ಯ ಬಿಟ್ಟು ಅವರ ಹತ್ರ ಇನ್ನೊಂದು ಮಾತಾಡಿದ್ರೆ ನಾನು ಅವಳನ್ನ ಕಳಿಸಲ್ಲ. ಆಗತ್ತಾ?”

“ಆಗತ್ತೆ,” ಎಂದರು ವಸುಂಧರಮ್ಮ. ವೀಸಾ ಇನ್ನೂ ಎಪ್ಪತ್ತು ದಿನ ಇತ್ತು.

ಇದನ್ನು ಮಗನಿಗೆ ಹೇಳುವ ಕಷ್ಟವೂ ಅವರ ಪಾಲಿಗೇ ಬಂತು. ಸಂದೀಪ ಎಲ್ಲವನ್ನೂ ಕೇಳಿದ.

“ಅಮ್ಮ, ನೀನೂ ಆ ಕಡೆಗೆ ಹೋಗ್ಬಿಟ್ಯಾ?”

“ಹೋದೆ ಕಣೋ.”

“ನನ್ ಪರ ಅಂತ ಇದ್ದಿದ್ದು ನೀನೊಬ್ಳೇ.”

“ನಿನ್ ಪರ ಇದ್ಕೊಂಡು ಇಷ್ಟು ದಿನ ಏನು ಕಡಿದು ಕಟ್ಟೆ ಹಾಕ್ದೆ ಹೇಳು? ನಿಂಗೆ ಅಮ್ಮ ಬೇಕೋ, ಮಗಳು ಬೇಕೋ?”

ಮೂವತ್ತೆಂಟು ವರ್ಷದ ಮಗ ಅಂಗೈಯಿಂದ ಮುಖ ಒರೆಸಿಕೊಂಡ. “ಮಗಳು,” ಎಂದ.

ಅದೇ ಸರಿಯಾದ ಉತ್ತರ. ಅವನು ಬೇರೆ ಏನು ಹೇಳಿದ್ದರೂ ವಸುಂಧರಮ್ಮ ಸಿಟ್ಟಾಗುತ್ತಿದ್ದರು. ಆದರೂ ಅವನು ಒಂದು ಕ್ಷಣ ತಡವರಿಸಿದ್ದರೆ ಚೆನ್ನಾಗಿತ್ತು ಎನಿಸಿತು. ಏನು ಮಾಡುವುದು, ಹೆತ್ತವರು.

ತ್ಸುಕುಬಾದ ಮನೆಯಲ್ಲಿ ಮೊದಲ ಕೆಲವು ದಿನ ಮಾತು ಕಡಿಮೆಯಿತ್ತು. ಹರ್ಷಿಣಿ ಬೆಳಿಗ್ಗೆ ಸೈಕಲ್ ಹತ್ತಿ ಕೆಲಸಕ್ಕೆ ಹೋದರೆ ಸಂಜೆ ಆರಕ್ಕೆ ಬರುವಳು. ವಸುಂಧರಮ್ಮ ಅಡಿಗೆ ಮಾಡಿ, ಬಟ್ಟೆ ಮಡಚಿ, ಸ್ಕೂಲಿನಿಂದ ಬಂದ ನಿಧಿಯ ಜೊತೆ ಚೌಕಾಬಾರ ಆಡುವರು. ಒಂದು ಸಂಜೆ ಶಿವಕುಮಾರ ಮಗಳಿಗೆ ವಿಡಿಯೋ ಕಾಲ್ ಮಾಡಿದಾಗ ಹಿಂದೆ ಒಲೆಯ ಮುಂದೆ ನಿಂತ ಅಕ್ಕ ಕಂಡಳು. “ಬಿಪಿ ಮಾತ್ರೆ ತಗೋತಾಳಾ ಕೇಳು,” ಎಂದ ಅವನು. ಹರ್ಷಿಣಿ ಕೇಳಲಿಲ್ಲ, ಫೋನನ್ನೇ ಅತ್ತೆಯ ಕೈಗೆ ಕೊಟ್ಟು ಒಳಗೆ ಹೋದಳು. ವಸುಂಧರಮ್ಮನಿಗೆ ತಮ್ಮನ ಮುಖ ನೋಡಿ ಮನಸ್ಸು ಹಗುರಾಯಿತು.

ಹಗುರಾಗದೆ ಉಳಿದದ್ದು ಒಂದೇ. ಫುನಾಬೊರಿಯಲ್ಲಿ ಒಬ್ಬನೇ ಇರುವ ಮಗ ಏನು ತಿಂದನೋ, ತಾವು ಹೊರಡುವಾಗ ಇದ್ದ ಕೆಮ್ಮು ಹೋಯಿತೋ ಇಲ್ಲವೋ. ಕೇಳುವ ಹಾಗಿರಲಿಲ್ಲ, ಕೇಳಲೂ ಇಲ್ಲ.

ಎರಡು ವಾರದ ಮೇಲಿನ ಶನಿವಾರ, ಮಧ್ಯಾಹ್ನ ಎರಡು ಗಂಟೆ. ತ್ಸುಕುಬಾದಲ್ಲಿ ಕೆರೆಯಿರುವ ದೊಡ್ಡ ಪಾರ್ಕಿನ ಬಾಗಿಲಲ್ಲಿ ಸಂದೀಪ ಆಗಲೇ ಬಂದು ನಿಂತಿದ್ದ. ಶರ್ಟಿಗೆ ಇಸ್ತ್ರಿಯಾಗಿತ್ತು, ಕೊರಳಿನ ಹತ್ತಿರ ಸಡಿಲವಾಗಿತ್ತು. ಒಂಬತ್ತು ವರ್ಷದ ಅಭ್ಯಾಸಬಲವೋ ಏನೋ, ಹೆತ್ತ ತಾಯಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿದ.

ನಿಧಿ ಅಜ್ಜಿಯ ಸೆರಗಿನ ಹಿಂದೆ ಸರಿದಳು. ಹತ್ತು ತಿಂಗಳು ಅಷ್ಟು ಸಣ್ಣ ಮಕ್ಕಳಿಗೆ ಕಡಿಮೆಯೇನಲ್ಲ. ವಸುಂಧರಮ್ಮ ಅವಳ ಕೈ ಬಿಡಿಸಿ ಬೆನ್ನು ಸವರಿದರು. “ಹೋಗು ಪುಟ್ಟಿ. ಅಜ್ಜಿ ಇಲ್ಲೇ ಕೂತಿರ್ತೀನಿ.”

“ಊಟ...” ಎಂದು ಸಂದೀಪ ಶುರು ಮಾಡಿ ನಿಲ್ಲಿಸಿದ. ಆಮೇಲೆ, “ನಿಧಿ ಊಟ ಆಯ್ತಾ?” ಎಂದ.

“ಆಗಿದೆ. ನಾಲ್ಕು ಗಂಟೆಗೆ ಇಲ್ಲೇ ಕರ್ಕೊಂಡು ಬನ್ನಿ.” ಮಗನಿಗೆ ಬಹುವಚನ ಹಚ್ಚಿದ್ದು ಅವರಿಗೆ ಆಮೇಲೆ ಗೊತ್ತಾಯಿತು.

ದೂರದ ಬೆಂಚಿನಲ್ಲಿ ಕೂತು ಅವರು ನೋಡುತ್ತಲೇ ಇದ್ದರು. ಮೊದಲು ಅಪ್ಪ ಮಗಳ ನಡುವೆ ಇನ್ನೊಬ್ಬರು ನಡೆಯುವಷ್ಟು ಜಾಗವಿತ್ತು. ಕೆರೆಯ ದಂಡೆಯಲ್ಲಿ ಆಮೆ ಕಂಡು ಇಬ್ಬರೂ ಕುಕ್ಕರಗಾಲಲ್ಲಿ ಕೂತರು. ಆಮೇಲೆ ನಿಧಿಯ ನಗು ಕೇಳಿಸಿತು. ಆಮೇಲೆ ಅವಳು ಅವನ ಹೆಗಲ ಮೇಲಿದ್ದಳು. ವಸುಂಧರಮ್ಮನ ಜೀವ ತಣ್ಣಗಾಯಿತು. ಇಷ್ಟಕ್ಕಾಗಿ ಯಾರ ಕಡೆಯವಳೆಂದು ಬೇಕಾದರೂ ಬರೆದುಕೊಳ್ಳಲಿ ಎನಿಸಿತು.

ನಾಲ್ಕಕ್ಕೆ ಎರಡು ನಿಮಿಷವಿರುವಾಗ ಸಂದೀಪ ಮಗಳನ್ನು ಕರೆತಂದು ಒಪ್ಪಿಸಿದ. ಮಗಳ ತಲೆ ಸವರಿದ. ತಾಯಿಯ ಕಡೆ ನೋಡಿದ. ತಿರುಗಿ ಬಸ್ ಸ್ಟಾಪಿನ ಕಡೆ ಹೋದ. ನಡೆಯುತ್ತ ಎರಡು ಸಲ ಕೆಮ್ಮಿದ್ದು ಕೇಳಿಸಿತು.

ಅಜ್ಜಿ ಮೊಮ್ಮಗಳು ಮನೆಯ ದಾರಿ ಹಿಡಿದರು. ನಿಧಿ ಸ್ವಲ್ಪ ದೂರ ಕುಣಿಯುತ್ತ ಬಂದು, ಆಮೇಲೆ ನಿಧಾನವಾದಳು.

“ಅಜ್ಜಿ, ಪಪ್ಪ ನಿನ್ ಕೊಡೊಮೋ ಅಲ್ವಾ?”

ಕೊಡೊಮೋ ಎಂದರೆ ಮಗು ಎಂಬುದು ಇಷ್ಟು ದಿನದಲ್ಲಿ ಅವರಿಗೆ ಗೊತ್ತಾಗಿತ್ತು. “ಹೂಂ ಕಣೇ. ನನ್ನ ಮಗೂನೇ.”

“ದೆನ್ ಪಪ್ಪಂದು ಯಾವ ಡೇ? ನಂದು ಸಾಟರ್ಡೇ. ಪಪ್ಪ ನಿನ್ನ ನೋಡೋ ಡೇ ಯಾವ್ದು?”

ವಸುಂಧರಮ್ಮ ನಿಂತರು. ನ್ಯಾಯಾಲಯದಲ್ಲಿ ಸಹಿ ಹಾಕಿದ ಹಾಳೆಯಲ್ಲಿ ತಿಂಗಳು, ವಾರ, ಗಂಟೆ, ಪಾರ್ಕಿನ ಯಾವ ಬಾಗಿಲು ಎಂಬುದೆಲ್ಲ ಇತ್ತು. ಇದೊಂದನ್ನು ಯಾರೂ ಕೇಳಿರಲಿಲ್ಲ, ಅವರೂ ಕೇಳಿರಲಿಲ್ಲ.

“ಅವನಿಗೆ ಡೇ ಇಲ್ಲಮ್ಮ,” ಎಂದರು.

ನಿಧಿ ಯೋಚಿಸಿದಳು. ಇದು ಅವಳಿಗೆ ಸರಿ ಕಾಣಲಿಲ್ಲ. ಬೆರಳು ಮಡಚಿ ಏನೋ ಲೆಕ್ಕ ಹಾಕಿ ಅಜ್ಜಿಯ ಕೈ ಜಗ್ಗಿದಳು.

“ಅಜ್ಜಿ, ನಂಗೆ ಟೂ ಅವರ್ಸ್ ಇದೆ. ಅದ್ರಲ್ಲಿ ನಿಂಗೆ ಥರ್ಟಿ ಮಿನಿಟ್ಸ್ ಕೊಡ್ಲಾ?”

ಬೇಡ ಎನ್ನಬೇಕಿತ್ತು. ಹರ್ಷಿಣಿಗೆ ಕೊಟ್ಟ ಮಾತಿತ್ತು, ಆ ಹಾಳೆಯ ಕೆಳಗೆ ತಮ್ಮದೇ ಸಹಿಯಿತ್ತು. ವಸುಂಧರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಅಷ್ಟೊಂದು ಬೇಡ ಪುಟ್ಟಿ,” ಎಂದರು. “ನಿಮ್ಮಮ್ಮನ್ನ ಕೇಳೋಣ. ಐದು ನಿಮಿಷ ಕೊಟ್ರೂ ಸಾಕು.”