ದ್ರಾಕ್ಷಿ ನೊರೆಯ ಮೊದಲ ಗ್ಲಾಸು

ನಮ್ಮ ಅಂಗಡಿಯಲ್ಲಿ ದಿನದ ಮೊದಲ ಗ್ಲಾಸು ಮಾರಾಟಕ್ಕಿಲ್ಲ. ಅಪ್ಪ ಇದ್ದಾಗ ಅದು ಅಪ್ಪನದಾಗಿತ್ತು, ಈಗ ಅಕ್ಕನದು. ಉದ್ದ ಹಿಡಿಯ ಚಮಚದಲ್ಲಿ ಅವಳು ಮೊದಲು ನೊರೆಯನ್ನು, ಆಮೇಲೆ ಐಸ್‌ಕ್ರೀಮನ್ನು, ಕೊನೆಗೆ ತಳದ ಪಾಕವನ್ನು ನಾಲಿಗೆಗೆ ಹಚ್ಚಿಕೊಂಡು "ಹೂಂ" ಅಂದರೆ ಮಾತ್ರ ನಾನು ಶಟರ್ ಎತ್ತಬೇಕು. "ಊಹೂಂ" ಅಂದರೆ ಪಾತ್ರೆಯಲ್ಲಿರುವುದೆಲ್ಲ ಮೋರಿಗೆ. ಹಾಗೆ ಮೋರಿಗೆ ಹೋದದ್ದನ್ನು ಕಣ್ಣಾರೆ ಕಂಡು ಹೊಟ್ಟೆ ಉರಿಸಿಕೊಂಡವನು ನಾನು.

ಬೋರ್ಡಿನ ಮೇಲೆ 'ಐಸ್‌ಕ್ರೀಂ ಫ್ಲೋಟ್' ಎಂದು ದೊಡ್ಡದಾಗಿ ಬರೆಸಿದ್ದೇವೆ. ಆದರೆ ಬೀದಿಯವರ ಬಾಯಲ್ಲಿ ಅದು ಬರೀ 'ನೊರೆ'. "ಎರಡು ನೊರೆ ಕೊಡಿ" ಅನ್ನುತ್ತಾರೆ. ಕಪ್ಪು ದ್ರಾಕ್ಷಿಯನ್ನು ಕಿವುಚಿ, ಸಣ್ಣ ಉರಿಯಲ್ಲಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ಸಕ್ಕರೆ ಹಾಕಿ ಮತ್ತೆ ಕುದಿಸಿ, ಒಲೆಯಿಂದ ಇಳಿಸಿ ಆರಿದ ಮೇಲೆ ಕಿತ್ತಳೆ ಸಿಪ್ಪೆ ತುರಿದು ಹಾಕಿದರೆ ಪಾಕ. ಅದರ ಮೇಲೆ ಐಸ್‌ಕ್ರೀಮಿನ ಒಂದು ಉಂಡೆ, ಅದರ ಮೇಲೆ ಸೋಡಾ. ಕೇಳುವುದಕ್ಕೆ ಮಕ್ಕಳಾಟ. ಬೇಸಿಗೆಯಲ್ಲಿ ಆ ಒಲೆಯ ಮುಂದೆ ನಿಂತವನಿಗೆ ಗೊತ್ತು ಅದರ ಸುಖ.

ಮದುವೆಯ ಯೋಗ ನಮ್ಮಿಬ್ಬರಿಗೂ ಕೂಡಿಬರಲಿಲ್ಲ. ಅಂಗಡಿಯ ಹಿಂದಿನ ಎರಡು ಕೋಣೆಯಲ್ಲೇ ಜಗಳವಾಡಿಕೊಂಡು ಇಷ್ಟು ವರ್ಷ ಕಳೆದಿದ್ದೇವೆ. ನನ್ನ ತಲೆ ಬೋಳಾದರೂ ಅಕ್ಕನಿಗೆ ನಾನಿನ್ನೂ ಪುಟ್ಟ. ಪಾಕ ಮಾಡುವುದು ಅವಳು, ಸುರಿದು ಕೊಡುವುದು ನಾನು. ಗ್ಲಾಸು ತೊಳೆಯುವುದು ಯಾರು ಅನ್ನುವುದಷ್ಟೇ ಇವತ್ತಿಗೂ ಇತ್ಯರ್ಥವಾಗಿಲ್ಲ.

ಚಳಿಗಾಲ ಮುಗಿಯುವ ಹೊತ್ತಿಗೆ ಅಕ್ಕನಿಗೆ ಜ್ವರ ಬಂತು. ಜ್ವರವೇನೋ ಹೋಯಿತು, ಹೋಗುವಾಗ ರುಚಿ, ವಾಸನೆ ಎರಡನ್ನೂ ಹೊತ್ತುಕೊಂಡು ಹೋಯಿತು. ಅನ್ನವೂ ಒಂದೇ, ಹತ್ತಿಯೂ ಒಂದೇ ಅನ್ನುವಂತಾಯಿತು ಅವಳಿಗೆ. "ನಿಧಾನಕ್ಕೆ ವಾಪಸ್ ಬರುತ್ತೆ, ಗಾಬರಿ ಬೇಡಿ" ಅಂದರು ಡಾಕ್ಟರು. ಅಷ್ಟಕ್ಕೇ ಸುಮ್ಮನಾಗಬಾರದಿತ್ತೇ? "ಕೆಲವರಿಗೆ ಮಾತ್ರ ಸೊಟ್ಟಗೆ ಬರುತ್ತೆ. ತಿನ್ನೋದೊಂದು, ರುಚಿ ಇನ್ನೊಂದು. ಹಾಗೇ ಉಳಿದುಬಿಡೋದೂ ಉಂಟು" ಎಂದು ಸೇರಿಸಿದರು. ಅಕ್ಕನ ಕಿವಿಯಲ್ಲಿ ಉಳಿದದ್ದು ಎರಡನೆಯ ಮಾತೇ.

ಪಾಕ ತಳ ಹಿಡಿದರೂ ಅವಳಿಗೆ ವಾಸನೆ ಗೊತ್ತಾಗದಿದ್ದುದರಿಂದ ಸೌಟು ನನ್ನ ಕೈಗೆ ಬಂತು. ಮೊದಲ ಗ್ಲಾಸನ್ನು ಮಾತ್ರ ಅವಳು ಬಿಡಲಿಲ್ಲ. ದಿನವೂ ಬೆಳಿಗ್ಗೆ ಬಂದು ಕೂತು, ಮೂರು ಸಲ ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ ಕಾಯುತ್ತಿದ್ದಳು. ಏನೂ ಬರುತ್ತಿರಲಿಲ್ಲ. "ತಣ್ಣಗಿದೆ, ಅಷ್ಟೇ" ಎಂದು ಗ್ಲಾಸನ್ನು ನನ್ನ ಕಡೆ ತಳ್ಳುತ್ತಿದ್ದಳು. "ಹೇಗಿದೆ ಪುಟ್ಟ?"

"ಸರಿಯಾಗಿದೆ ಅಕ್ಕ."

"ಹಾಗಾದ್ರೆ ಶಟರ್ ಎತ್ತು."

ಬಿಸಿಲು ಏರಿದ ಮೇಲೆ ಒಂದು ದಿನ ಪತ್ರಿಕೆ ಓದುತ್ತಾ ಕೂತು ಪಾಕ ಸೀಯಿಸಿಬಿಟ್ಟೆ. ಮತ್ತೆ ದ್ರಾಕ್ಷಿ ತಂದು ಕುದಿಸುವಷ್ಟು ತಾಳ್ಮೆ ನನ್ನ ಮೈಯಲ್ಲೇ ಇಲ್ಲ. ಹಿಂದಿನ ಬಾಗಿಲಿನಿಂದ ಹೋಗಿ, ಮೂಲೆಯ ಅಂಗಡಿಯಿಂದ ದ್ರಾಕ್ಷಿ ಸಿರಪ್ಪಿನ ಒಂದು ದೊಡ್ಡ ಬಾಟಲಿ ತಂದೆ. ಇವತ್ತೊಂದು ದಿನ ಅಂದುಕೊಂಡೆ. ಬಣ್ಣ ಅದೇ. ರುಚಿಯೋ, ಚಪ್ಪರಿಸಿದರೆ ಕೆಮ್ಮಿನ ಔಷಧಿ ನೆನಪಾಗುತ್ತಿತ್ತು. ಅಕ್ಕನಿಗೆ ಗೊತ್ತಾಗುವಂತಿರಲಿಲ್ಲ. ಗಿರಾಕಿಗಳು ಕುಡಿದರು, ತುಟಿ ಒರೆಸಿಕೊಂಡರು, ಹೋದರು. ಮಾರನೆಯ ದಿನವೂ ಅದೇ ಬಾಟಲಿ. ಆಮೇಲೆ ಅದೇ ರೂಢಿಯಾಯಿತು.

ಸುಳ್ಳಿಗೆ ಮೈಬಗ್ಗಿಸಿ ದುಡಿಯಬೇಕಾಗುತ್ತದೆ ಅನ್ನುವುದು ಗೊತ್ತಾದದ್ದು ಆಗಲೇ. ಒಲೆಯ ಮೇಲೆ ಆವಿ ಕಾಣದಿದ್ದರೆ ಅಕ್ಕ ಕೇಳುತ್ತಾಳಲ್ಲ, ಅದಕ್ಕೆ ಬರೀ ನೀರು ಕುದಿಸಿದೆ. ಸೋಸುವ ಬಟ್ಟೆ ತಂತಿಯ ಮೇಲೆ ಬೆಳ್ಳಗೆ ಒಣಗಿದರೆ ಅನುಮಾನ ಬರುತ್ತದಲ್ಲ, ಅದಕ್ಕೆ ಬಟ್ಟೆಯನ್ನು ಸಿರಪ್ಪಿನಲ್ಲಿ ಅದ್ದಿ ಹಿಂಡಿ ಹಾಕಿದೆ. ಆ ಶ್ರಮದಲ್ಲಿ ನಿಜವಾದ ಪಾಕವನ್ನೇ ಮಾಡಬಹುದಿತ್ತು ಅನ್ನುವುದು ನನಗೆ ಹೊಳೆಯದೇ ಇರಲಿಲ್ಲ. ತಂತಿಯ ಮೇಲಿನ ಆ ಬಟ್ಟೆಯನ್ನು ನೋಡಿ ಅಕ್ಕ, "ಪಾಪ, ಈ ಬಿಸಿಲಲ್ಲಿ ಎಷ್ಟು ಕಷ್ಟಪಡ್ತೀಯೋ" ಅಂದಳು. ಅವತ್ತಿನ ಗ್ಲಾಸುಗಳನ್ನೆಲ್ಲ ನಾನೇ ತೊಳೆದೆ.

ಹಾಗಂತ ಬಾಟಲಿಯನ್ನು ಬಿಟ್ಟೆನೇ? ಇಲ್ಲ.

ಮೊನ್ನೆ ಬೆಳಿಗ್ಗೆ ಅಕ್ಕ ಎಂದಿನಂತೆ ಕಣ್ಣು ಮುಚ್ಚಿ ಚಮಚ ಬಾಯಿಗಿಟ್ಟಳು. ಮುಚ್ಚಿದ ಕಣ್ಣು ತೆರೆಯಲಿಲ್ಲ. ಎರಡನೆಯ ಸಲ ತಳದಿಂದಲೇ ತೆಗೆದು ಬಾಯಿಗಿಟ್ಟಳು.

"ಪುಟ್ಟ! ಬಂತು ಕಣೋ! ಏನೋ ಬಂತು!"

ಅವಳ ಮುಖ ಅಷ್ಟು ಅರಳಿದ್ದನ್ನು ನಾನು ತಿಂಗಳುಗಳಿಂದ ನೋಡಿರಲಿಲ್ಲ. ನನಗೂ ಖುಷಿಯಾಯಿತು, ಸುಳ್ಳಲ್ಲ. ಅಷ್ಟರಲ್ಲಿ ಅವಳು ಇನ್ನೊಂದು ಸಲ ರುಚಿ ನೋಡಿದಳು. ಹುಬ್ಬು ಗಂಟಾಯಿತು.

"ದ್ರಾಕ್ಷಿ ಅಲ್ಲ ಇದು. ಕೆಮ್ಮಿನ ಔಷಧಿ ಥರ ಇದೆ. ಸಿಪ್ಪೆ ವಾಸನೆ ಎಲ್ಲೂ ಇಲ್ಲ. ನೀನೊಂದು ಸಲ ನೋಡು."

ಗ್ಲಾಸು ಎತ್ತಿ ಕುಡಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಹೇಳಿಬಿಡಬೇಕು ಅಂತಲೇ ಬಾಯಿ ತೆರೆದೆ.

"ಸರಿಯಾಗೇ ಇದೆಯಲ್ಲ ಅಕ್ಕ. ಯಾವಾಗಿನ ಹಾಗೇ."

ಅವಳು ಚಮಚವನ್ನು ಸದ್ದಾಗದ ಹಾಗೆ ಕೆಳಗಿಟ್ಟಳು. "ಡಾಕ್ಟರು ಹೇಳಿದ್ದೇ ಆಯ್ತು ಬಿಡು. ಸೊಟ್ಟಗೆ ಬಂತು" ಅಂದಳು.

ಅವತ್ತಿಡೀ ಅವಳು ನೀರು ಬಿಟ್ಟರೆ ಏನನ್ನೂ ಮುಟ್ಟಲಿಲ್ಲ. "ಒಂದು ತುತ್ತಾದ್ರೂ ತಿನ್ನು" ಅಂದರೆ, "ಅದೂ ಹೀಗೇ ಇದ್ರೆ? ಬೇಡ ಕಣೋ, ಭಯ ಆಗುತ್ತೆ" ಅಂದಳು. ಯಾರಿಗೂ ಹೆದರದ ಅಕ್ಕ ಒಂದು ತುತ್ತು ಅನ್ನಕ್ಕೆ ಹೆದರಿ ಕೂತಿದ್ದಳು. ಸಂಜೆ ಉದ್ದ ಹಿಡಿಯ ಚಮಚವನ್ನು ಒರೆಸಿ ತಂದು ನನ್ನ ಮುಂದಿಟ್ಟಳು.

"ನಾಳೆಯಿಂದ ಮೊದಲನೇ ಗ್ಲಾಸು ನಿಂದು. ನಾನು ಒಳಗಿರ್ತೀನಿ. ಕೆಟ್ಟ ನಾಲಿಗೆ ಇಟ್ಕೊಂಡು ಅಂಗಡಿಯಲ್ಲಿ ಕೂರಬಾರದು."

ಕೆಟ್ಟದ್ದು ಯಾವುದು ಅನ್ನುವುದು ನನಗೆ ಗೊತ್ತಿತ್ತು. ಅವಳ ನಾಲಿಗೆ ನೆಟ್ಟಗೆ ಬಂದಿತ್ತು, ಬಂದ ಗಳಿಗೆಯಲ್ಲೇ ನನ್ನನ್ನು ಹಿಡಿದುಹಾಕಿತ್ತು. ಅವಳು ಮಾತ್ರ ತನ್ನ ನಾಲಿಗೆಯನ್ನು ಬಿಟ್ಟು ತಮ್ಮನನ್ನು ನಂಬಿದ್ದಳು. ಇಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ನಿನ್ನೆ ಬೆಳಗಾಗುತ್ತಲೇ ಮಾರುಕಟ್ಟೆಗೆ ಹೋಗಿ ದ್ರಾಕ್ಷಿ, ಕಿತ್ತಳೆ ತಂದೆ. ಒಂದೊಂದೇ ಹಣ್ಣನ್ನು ತೊಟ್ಟಿನಿಂದ ಬಿಡಿಸಿ, ಕಿವುಚಿ, ಪತ್ರಿಕೆಯ ಕಡೆ ತಿರುಗಿಯೂ ನೋಡದೆ ಸೌಟು ಆಡಿಸಿದೆ. ಸಿಪ್ಪೆ ತುರಿಯುವಾಗ ಬೆರಳು ಕೆತ್ತಿಹೋಯಿತು, ಬೇಕಾದದ್ದೇ ಅಂದುಕೊಂಡೆ. ನನ್ನ ಲೆಕ್ಕಾಚಾರ ಹೀಗಿತ್ತು: ಇವತ್ತು ಇದನ್ನು ಕುಡಿದರೆ, ರಾತ್ರಿಯಲ್ಲೇ ನಾಲಿಗೆ ನೆಟ್ಟಗಾಯಿತು ಎಂದು ಅಕ್ಕ ಕುಣಿಯುತ್ತಾಳೆ. ನಾನು ಬಾಯಿ ಬಿಡುವ ಪ್ರಮೇಯವೇ ಇಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಜಾತಿಯವನು ನಾನು.

ಗ್ಲಾಸು ಹಿಡಿದು ಒಳಗೆ ಹೋದೆ. ಅಕ್ಕ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು.

"ಒಂದೇ ಚಮಚ ಅಕ್ಕ."

"ಬೇಡ."

"ಇವತ್ತು ಬೇರೆ ಥರ ಇರಬಹುದು."

"ನೀನು ನೋಡಿದ್ಯಲ್ಲ? ಸರಿಯಿದ್ಯಲ್ಲ? ಹೋಗಿ ಶಟರ್ ಎತ್ತು. ನನ್ನನ್ನು ಮತ್ತೆ ಮತ್ತೆ ಪರೀಕ್ಷೆ ಮಾಡ್ಬೇಡ."

ನೊರೆ ಇಳಿಯತೊಡಗಿತ್ತು. ಐಸ್‌ಕ್ರೀಂ ಕರಗಿ ಗ್ಲಾಸಿನ ಹೊರಗೆಲ್ಲ ಹರಿದು ನನ್ನ ಕೈ ಅಂಟಂಟಾಯಿತು. ಎಷ್ಟು ಗೋಗರೆದರೂ ಅವಳು ಇತ್ತ ತಿರುಗಲಿಲ್ಲ.

"ಅಕ್ಕ, ನಿನ್ನ ನಾಲಿಗೆ ಸರಿಯಾಗಿದೆ. ನಾನೇ ಸರಿಯಿಲ್ಲ."

ಅವಳು ತಿರುಗಿದಳು. ಎಲ್ಲ ಹೇಳಿದೆ. ಬಾಟಲಿ, ಬರೀ ನೀರು, ಸಿರಪ್ಪಿನಲ್ಲಿ ಅದ್ದಿದ ಬಟ್ಟೆ, ಏನನ್ನೂ ಬಿಡಲಿಲ್ಲ. ಕಪಾಳಕ್ಕೆ ಬೀಳುತ್ತದೆ ಅಂದುಕೊಂಡು ಕೆನ್ನೆ ಬಿಗಿಹಿಡಿದು ನಿಂತಿದ್ದೆ. ಅವಳು ಗ್ಲಾಸನ್ನು ಕಿತ್ತುಕೊಂಡು ಚಮಚವನ್ನೂ ಕೇಳದೆ ಎತ್ತಿ ಕುಡಿದಳು.

"ದ್ರಾಕ್ಷಿ!" ಅಂದಳು. ಕಣ್ಣಲ್ಲಿ ನೀರು, ಮೂಗಿನ ತುದಿಯಲ್ಲಿ ನೊರೆ. "ಸಿಪ್ಪೆ ಇದೆ ಕಣೋ! ಬಿಸಿ ಇರುವಾಗ್ಲೇ ಹಾಕಿದ್ದೀಯ ಕತ್ತೆ, ಒಂಚೂರು ಕಹಿ ಬಿಟ್ಟಿದೆ. ನಂಗೆ ಗೊತ್ತಾಗ್ತಿದೆ!" ನನ್ನ ಬೋಳು ತಲೆಗೆ ಒಂದು ಏಟು ಬಿತ್ತು, ಆಮೇಲೆ ಅದೇ ಕೈ ಅಲ್ಲೇ ಸವರಿತು. ಬೈದಿದ್ದರೆ ಹಗುರಾಗುತ್ತಿದ್ದೆನೇನೋ. ಅವಳು ನಗುತ್ತಲೇ ಇದ್ದಳು.

ಗ್ಲಾಸು ಖಾಲಿಯಾದ ಮೇಲೆ ಕೇಳಿದಳು. "ಗಿರಾಕಿಗಳಿಗೂ ಅದನ್ನೇ ಕೊಟ್ಯಾ? ಯಾರೂ ಏನೂ ಅನ್ನಲಿಲ್ವಾ?"

ಯಾರೂ ಏನೂ ಅಂದಿರಲಿಲ್ಲ. ಒಬ್ಬರೂ ಅಂದಿರಲಿಲ್ಲ. ಅವಳ ಮುಖದ ಮೇಲಿನ ನಗು ಆ ಪ್ರಶ್ನೆಯ ಜೊತೆಗೇ ಸ್ವಲ್ಪ ಸಣ್ಣದಾಗಿತ್ತು. ಅದನ್ನು ನೋಡಲಾರದೆ ಹೇಳಿದೆ, "ಅಂದ್ರು ಅಕ್ಕ. ಟೈಲರ್ ಅಂದ್ರು, ಏನೋ ವ್ಯತ್ಯಾಸ ಆಗಿದೆ ಅಂತ."

"ಅವರಿಗೆ ಗೊತ್ತಾಗ್ದೆ ಇರುತ್ತಾ!" ಎಂದಳು ಅಕ್ಕ. ಎದುರು ಸಾಲಿನ ಟೈಲರ್ ದಿನವೂ ಮಧ್ಯಾಹ್ನ ಕತ್ತಿಗೆ ಅಳತೆ ಟೇಪು ಹಾಕಿಕೊಂಡೇ ನೊರೆ ಕುಡಿಯಲು ಬರುವವರು. ಕಣ್ಣಳತೆಯಂತೆ ತಮ್ಮ ನಾಲಿಗೆಯ ಅಳತೆಯೂ ತಪ್ಪುವುದಿಲ್ಲ ಎಂದು ಕೊಚ್ಚಿಕೊಳ್ಳುವುದು ಅವರ ಹಳೆಯ ಚಾಳಿ. "ಇವತ್ತು ಅವರಿಗೆ ನಾನೇ ಮಾಡಿ ಕೊಡ್ತೀನಿ."

ಮಧ್ಯಾಹ್ನ ಅವಳು ಸೀರೆ ಬದಲಾಯಿಸಿ ಗಲ್ಲಾದ ಹಿಂದೆ ಬಂದು ನಿಂತಳು. ಟೈಲರ್ ಬಂದು ಸ್ಟೂಲ್ ಎಳೆದುಕೊಂಡರು. "ಓಹೋ, ಇವತ್ತು ಅಕ್ಕಾವ್ರೇ ಸ್ವತಃ!" ಅಂದರು. ಅಕ್ಕ ಗ್ಲಾಸಿನ ತಳಕ್ಕೆ ಪಾಕ ಬಿಟ್ಟಳು. ಐಸ್‌ಕ್ರೀಮಿನ ಉಂಡೆಯನ್ನು ಬೀಳಿಸದೆ ಇಳಿಸಿದಳು. ಗ್ಲಾಸನ್ನು ವಾಲಿಸಿ, ಅದರ ಒಳಮೈಗುಂಟ ಸೋಡಾ ಬಿಟ್ಟಳು. ನೊರೆ ನಿಧಾನವಾಗಿ ಏರಿ, ಅಂಚಿನ ಮೇಲೆ ಉಬ್ಬಿ, ಚೆಲ್ಲದೆ ನಿಂತಿತು. ನನ್ನ ಕೈಯಲ್ಲಿ ಅದು ಯಾವತ್ತೂ ಹಾಗೆ ನಿಂತಿಲ್ಲ. ನಾನು ಟೈಲರ್‌ಗೆ ಕಣ್ಸನ್ನೆ ಮಾಡಲು ನೋಡಿದೆ. ಅವರ ಗಮನವೆಲ್ಲ ಗ್ಲಾಸಿನ ಮೇಲಿತ್ತು.

ಅವರು ಒಂದೇ ಉಸಿರಿಗೆ ಅರ್ಧ ಕುಡಿದು ಮೀಸೆ ಒರೆಸಿಕೊಂಡರು.

"ಹೇಗಿದೆ?" ಅಕ್ಕ ಎರಡೂ ಕೈಯನ್ನು ಕಟ್ಟೆಯ ಮೇಲೆ ಊರಿ ಕೇಳಿದಳು.

"ನಿನ್ನೆ ಮೊನ್ನೆ ಹೇಗಿತ್ತೋ ಹಾಗೇ. ನಿಮ್ಮ ಅಂಗಡಿ ನೊರೆ ಒಂದು ದಿನವೂ ವ್ಯತ್ಯಾಸ ಆಗಿದ್ದಿಲ್ಲ ನೋಡಿ. ನನ್ನ ನಾಲಿಗೆ ತಪ್ಪೋದಿಲ್ಲ."

ಅಕ್ಕ ಅವರಿಗೆ ನಗುತ್ತಲೇ ತಲೆದೂಗಿದಳು. ಆಮೇಲೆ ನನ್ನ ಕಡೆ ನೋಡಿದಳು. ನಾನು ಒದ್ದೆಬಟ್ಟೆ ತೆಗೆದುಕೊಂಡು ಒಣಗಿದ ಕಟ್ಟೆಯನ್ನೇ ಒರೆಸತೊಡಗಿದೆ.

ಟೈಲರ್ ಹೋದ ಮೇಲೆ ಆ ಗ್ಲಾಸನ್ನು ಅವಳೇ ತೊಳೆದಳು. ಜಗಳವಿಲ್ಲದೆ, ನನ್ನನ್ನು ಕರೆಯದೆ ತೊಳೆದಳು. ಕುದಿಸಿದ ಪಾಕದ ಪಾತ್ರೆಗೆ ಮುಚ್ಚಳ ಮುಚ್ಚಿ, ಉದ್ದ ಹಿಡಿಯ ಚಮಚವನ್ನು ಮೊಳೆಗೆ ಸಿಕ್ಕಿಸಿದಳು.

"ನಾಳೆಗೆ ದ್ರಾಕ್ಷಿ ತರ್ತೀನಿ ಅಕ್ಕ. ಬೆಳಿಗ್ಗೆನೇ ಹೋಗಿ, ಒಳ್ಳೇದೇ ನೋಡಿ ತರ್ತೀನಿ" ಅಂದೆ.

ಅವಳು ಕೈ ಒರೆಸಿಕೊಳ್ಳುತ್ತಿದ್ದಳು. ದನಿಯಲ್ಲಿ ಕೋಪವಿರಲಿಲ್ಲ.

"ದ್ರಾಕ್ಷಿ ಯಾಕೆ? ಆ ಬಾಟಲಿಯಲ್ಲಿ ಇನ್ನೂ ಉಳಿದಿದ್ಯಾ ಪುಟ್ಟ?"

"ಇದೆ ಅಕ್ಕ" ಅಂದೆ. ಆಗಲಾದರೂ ಸುಳ್ಳು ಹೇಳಬೇಕಿತ್ತು.