ಕಾರ್ಬೇಟರಿನೊಳಗಿನ ಕಚರಾ

"ತಲಿ ಬಗ್ಗಿಸ್ರಲೇ! ಮಣಕಾಲು ಮೊದ್ಲ ಒಳಗ ತಳ್ಳ್ರಿ!" ಎಂದು ಗುರಣ್ಣ ಕೂಗುತ್ತಿದ್ದ. ಬೆಳಗಿನಿಂದ ಗೋಡೆಗೆ ಕೂತು ಕೂತಲ್ಲೇ ಸೆಟೆದುಹೋಗಿದ್ದ ಅವನ ತಮ್ಮ ಅಂಬ್ರಪ್ಪನನ್ನು ನಾಲ್ಕು ಮಂದಿ ಅವನದೇ ಹಳೇ ಅಂಬಾಸಿಡರಿನ ಹಿಂದಿನ ಬಾಗಿಲಲ್ಲಿ ತೂರಿಸಲು ಹೆಣಗುತ್ತಿದ್ದರು. ಬದುಕಿದ್ದಾಗ ಯಾರ ಮಾತಿಗೂ ಬಗ್ಗದ ಮನುಷ್ಯ, ಸತ್ತ ಮೇಲೆ ಬಗ್ಗುತ್ತಾನೆಯೇ?

"ಎಡಕ್ಕ ಹೊಳ್ಳಿಸಿ ಒತ್ರಿ. ಆ ಬಾಗ್ಲ ಪೂರಾ ತೆರಿಯಂಗಿಲ್ಲ," ಎಂದಳು ಅಂಬ್ರಪ್ಪನ ಹೆಂಡತಿ ಶೇಖಮ್ಮ. ಹಾಗೆ ಮಾಡಿದ್ದೇ ತಡ, ಅಂಬ್ರಪ್ಪ ಸುಯ್ಯನೆ ಒಳಗೆ ಹೋಗಿ ಸಾಹೇಬನಂತೆ ಕೂತ.

ಶಹಾಪುರದಲ್ಲಿ ನಲವತ್ತು ವರ್ಷ ಊರಿನ ಗಾಡಿಗಳನ್ನೆಲ್ಲ ರಿಪೇರಿ ಮಾಡಿದ ಉಸ್ತಾದ ಅವನು. ಶಿರವಾಳದ ಹೊಲದಲ್ಲಿ ಮಣ್ಣಾಗಬೇಕು, ಅಲ್ಲಿಗೆ ಈ ಕಾರಿನಲ್ಲೇ ಹೋಗಬೇಕು ಎಂಬುದೊಂದೇ ಅವನ ಆಸೆ. "ಟ್ರ್ಯಾಕ್ಟರ್‌ನಾಗ ಹಾಕಿದ್ರ ಎದ್ದು ವಾಪಸ್ ಬರ್ತೀನಿ ನೋಡು," ಎಂದು ಹೆಂಡತಿಯನ್ನು ಹೆದರಿಸಿಯೂ ಇದ್ದ. ಶೇಖಮ್ಮನಿಗೂ ಒಂದು ಆಸೆ ಇತ್ತು. ಮಣ್ಣಿನ ತನಕ ಅವನ ಜೊತೆ ಹೋಗಬೇಕು. ಬೆಳಿಗ್ಗೆ ಭಾವನ ಎದುರು ಬಾಯಿಬಿಟ್ಟು ಕೇಳಿದ್ದಳು.

"ನಮ್ಮ ಮನಿತನದಾಗ ಹೆಣದ ಹಿಂದ ಹೆಣ್ಮಕ್ಕಳು ಊರ ಅಗಸಿ ಬಾಗ್ಲ ದಾಟಂಗಿಲ್ಲವ್ವ," ಎಂದಿದ್ದ ಗುರಣ್ಣ.

ಅಂಬ್ರಪ್ಪನ ಶಿಷ್ಯ ಖಾಜಾಹುಸೇನ ಚಾವಿ ತಿರುಗಿಸಿದ. ಎಂಜಿನ್ನು ಕೆಮ್ಮಿತು, ಇಡೀ ಕಾರನ್ನು ಗಡಗಡ ನಡುಗಿಸಿತು, ಹಿಂದಿನಿಂದ ಫಟ್ಟೆಂದು ಗುಂಡು ಹಾರಿಸಿತು. ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ದೂರ ಸರಿದರು.

"ಮಿಸ್ಸಿಂಗ್ ಹೊಡಿಯಾಕತ್ತದ," ಎಂದ ಖಾಜಾಹುಸೇನ.

"ದೃಷ್ಟಿ ಆಗ್ಯಾದ, ನಿಂಬಿಹಣ್ಣು ತುಳಿಸ್ರಿ," ಎಂದಳು ನೆರೆಮನೆಯ ಸುಗಲಮ್ಮ.

"ಛೆ ಛೆ, ಪಿಸ್ಟನ್ ಹೋಗ್ಯಾದ," ಎಂದು ತೀರ್ಪು ಕೊಟ್ಟವರು ದೇವಿಂದ್ರಪ್ಪ ಮಾಸ್ತರು. ಸೈಕಲ್ ಬಿಟ್ಟರೆ ಬೇರೆ ಗಾಡಿ ಮುಟ್ಟಿದವರಲ್ಲ.

ಖಾಜಾಹುಸೇನ ಪ್ಲಗ್ಗು ಒರೆಸಿದ. ಕಾರ್ಬೇಟರ್ ಬಿಚ್ಚಿ ಕಸ-ಕಚರಾ ಹೋಗಲೆಂದು ತೊಳೆದ, ಊದಿದ, ಹಾಕಿದ. ಕಾರು ಇನ್ನಷ್ಟು ಸಿಟ್ಟಿಗೆದ್ದಿತು. "ಈಗಿನ ಗಾಡಿ ಆದ್ರ ಕಂಪ್ಯೂಟರ್ ಹಚ್ಚಿದ್ರ ತಾನೇ ಬಾಯಿ ಬಿಡ್ತದ್ರಿ. ಇದು ಉಸ್ತಾದರ ಸಂಗಟ ಅಷ್ಟೇ ಮಾತಾಡ್ತಿತ್ತು," ಎಂದು ಕಣ್ಣೊರೆಸಿಕೊಂಡ. ಮುಖವೆಲ್ಲ ಗ್ರೀಸಾಯಿತು.

ಗುರಣ್ಣ ಪಡುವಣಕ್ಕೆ ನೋಡಿದ. "ಹೊತ್ತು ಮುಳುಗೋದ್ರಾಗ ಮಣ್ಣಾಗಬೇಕು. ಟ್ರ್ಯಾಕ್ಟರ್ ತರಸ್ರಿ."

ಶೇಖಮ್ಮ ಕಾರಿನ ಕಡೆ ತಿರುಗಿದಳು. ಆಗಲೇ ಕಂಡಿತು, ಎಂಜಿನ್ನಿನ ಕೆಳಗೆ ತೊಟ್ಟಿಕ್ಕುತ್ತಿದ್ದ ನೀರು.

*

ಮದುವೆಯಾದ ಹೊಸತರಲ್ಲಿ ಸುರಪುರದ ತವರಿಗೆ ಹೊರಟಿದ್ದ ದಿನ. ಕರೆಯಲು ಬಂದ ತಮ್ಮಂದಿರ ಎದುರು ಗಂಡನ ಕಾರು ಮಿಂಚಲಿ ಎಂದು ಶೇಖಮ್ಮ ಬಾನೆಟ್ಟು ಎತ್ತಿ ಎರಡು ಕೊಡ ನೀರು ಸುರಿದಿದ್ದಳು. ಊರು ದಾಟುವುದರೊಳಗೆ ಕಾರು ಕುಂಟತೊಡಗಿತು.

ಅಂಬ್ರಪ್ಪ ಇಳಿದು, ನಾಲ್ಕೂ ಪ್ಲಗ್ಗಿಗೆ ಬೆಂಕಿ ಹಂಚುವ ಡೆಲ್ಕೋದ ಮುಚ್ಚಳ ತೆಗೆದ. ಒಳಗೆ ನೀರು. ಒಮ್ಮೆ ಹೆಂಡತಿಯ ಮುಖ ನೋಡಿದ. ಅವಳ ಸೆರಗನ್ನೇ ಎಳೆದು ಒರೆಸಿದ.

"ಏನಾಗಿತ್ತು, ಮಾವ?" ಎಂದರು ತಮ್ಮಂದಿರು.

"ಕಾರ್ಬೇಟರ್‌ನಾಗ ಕಚರಾ."

ವಾಪಸು ಬಂದು, ಇಬ್ಬರೇ ಇದ್ದಾಗ ಅಂದ: "ಮೈ ತೊಳಿ, ಬ್ಯಾಡನಂಗಿಲ್ಲ. ಹೊಟ್ಯಾಗ ನೀರು ಹೊಯ್ಯಬ್ಯಾಡ ಮಾರಾಯ್ತಿ." ಆ ಒಂದು ಸುಳ್ಳಿಗಾಗಿ ಶೇಖಮ್ಮ ಅವನ ನಲವತ್ತು ವರ್ಷದ ಸಿಟ್ಟು ಸಿಡುಕನ್ನೆಲ್ಲ ಮಾಫ್ ಮಾಡಿದ್ದಳು.

*

ಈಗಲೂ ಅದೇ ಆಗಿತ್ತು. ಗಂಡನಿಗೆ ಕೊನೆಯ ಜಳಕ ಮಾಡಿಸಿ ಉಳಿದ ನೀರನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದೆಂದು, ಇದೂ ಅವನ ಜೀವವೇ ಅಲ್ಲವೇ ಎಂದು, ಅಳುತ್ತಳುತ್ತ ಕಾರಿಗೂ ಎರೆದಿದ್ದಳು. ಅದೂ ಬಾನೆಟ್ಟು ಎತ್ತಿ! ಅಯ್ಯ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಓಣಿಯ ತಿರುವಿನಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳಿತು. ಶೇಖಮ್ಮ ಎದ್ದಳು.

"ಸರೀರಿ. ಖಾಜಾ, ಎಂಜಿನ್ ಬಂದ್ ಮಾಡು."

ಗಂಡಸರು ಪಕ್ಕಕ್ಕೆ ಸರಿದರು. ಅವಳು ಡೆಲ್ಕೋದ ಕ್ಲಿಪ್ಪು ಬಿಚ್ಚಿ, ಮುಚ್ಚಳ ತೆಗೆದು, ಯಾರಿಗೂ ಕಾಣದಂತೆ ಬೆನ್ನು ಅಡ್ಡ ಹಿಡಿದು ಸೆರಗಿನಿಂದ ಗಸಗಸ ಒರೆಸಿ ಮತ್ತೆ ಕೂರಿಸಿದಳು. "ಹೂಂ, ಹೊಡಿ."

ಕಾರು ಒಂದೇ ಏಟಿಗೆ ಎದ್ದಿತು. ಮಿಸ್ಸಿಂಗೂ ಇಲ್ಲ, ನಡುಕವೂ ಇಲ್ಲ.

"ಏನಾಗಿತ್ತವ್ವ?" ಎಂದ ಗುರಣ್ಣ.

"ಕಾರ್ಬೇಟರ್‌ನಾಗ ಕಚರಾ, ಭಾವಾರ."

ಈಗಷ್ಟೇ ಆ ಕಾರ್ಬೇಟರನ್ನು ಫಳಫಳ ತೊಳೆದಿದ್ದ ಖಾಜಾಹುಸೇನ ಅವಳ ಒದ್ದೆ ಸೆರಗು ನೋಡಿದ, ಅವಳ ಮುಖ ನೋಡಿದ.

"ಹೌದ್ರಿ ಕಾಕಾರ, ಕಚರಾನೇ," ಎಂದ. "ಭಾಳ ಖರಾಬ್ ಕಚರಾ. ದಾರ್ಯಾಗ ಭೀಮರಾಯನಗುಡಿ ದಾಟೋದ್ರಾಗ ಮತ್ತ ಬಂದ್ರೂ ಬರ್ತದ. ನನ್ನ ಕೈಲಿ ಆಗಂಗಿಲ್ಲ. ಅವ್ವಾರು ಗಾಡ್ಯಾಗ ಇರಬೇಕು."

ಗುರಣ್ಣ ಸೂರ್ಯನನ್ನು ನೋಡಿದ, ಟ್ರ್ಯಾಕ್ಟರನ್ನು ನೋಡಿದ, ಕಿಟಕಿಯಲ್ಲಿ ಸೆಟೆದು ಕೂತ ತಮ್ಮನನ್ನು ನೋಡಿದ. ನಡುರಸ್ತೆಯಲ್ಲಿ ಹೆಣ ಇಟ್ಟುಕೊಂಡು ನಿಲ್ಲುವುದು ನೆನೆದೇ ಬೆವರಿದ.

"ಹೆಂಗಸರು ದಾಟೋದು ಆಮ್ಯಾಲ ನೋಡೂಣು. ಮೊದ್ಲ ಈ ಕಾರು ಅಗಸಿ ದಾಟ್ಲಿ. ಹತ್ತವ್ವ!"

ಮುಂದಿನ ಸೀಟಿನಲ್ಲಿ ಹೂವಿನ ಬುಟ್ಟಿ ಹಿಡಿದು ಗುರಣ್ಣನೇ ಕೂತ. ಉಳಿದದ್ದು ಹಿಂದಿನ ಸೀಟು. ಇಷ್ಟು ವರ್ಷ ಅಂಬ್ರಪ್ಪನದು ಸ್ಟೇರಿಂಗು, ಶೇಖಮ್ಮ ಹಿಂದೆ ಒಬ್ಬಳೇ. ಇಬ್ಬರೂ ಜೋಡಿಯಾಗಿ ಕೂತು ಎಲ್ಲಿಗೂ ಹೋದವರಲ್ಲ.

ಅಗಸಿ ದಾಟಿತು. ಶಿರವಾಳದ ಕಡೆ ಕಾರು ತಿರುಗಿದಾಗ ಅಂಬ್ರಪ್ಪ ಮೆಲ್ಲಗೆ ವಾಲಿ ಬಂದು ಅವಳ ಭುಜಕ್ಕೆ ಒರಗಿದ.

"ನೆಟ್ಟಗ ಕೂಡ್ಸವ್ವ ಅವನ್ನ," ಎಂದ ಗುರಣ್ಣ ಮುಂದಿನಿಂದ.

ಶೇಖಮ್ಮ ಕೂರಿಸಲಿಲ್ಲ. ತಾನೇ ಇನ್ನಷ್ಟು ಹತ್ತಿರ ಸರಿದಳು.