ಸಹಿಯಾದ ಹಾಳೆ

ವಿಧಾನ ತನ್ವಿಯದೇ ಆಗಿತ್ತು. ಡೊಂಬಿವಲಿಯ ಇಡ್ಲಿ-ದೋಸೆ ಹಿಟ್ಟಿನ ಕಂಪನಿಯಿಂದ ದೊಡ್ಡಪ್ಪ ಪುಂಡರೀಕಾಕ್ಷರು ನಿವೃತ್ತರಾಗುವ ಮಾತು ಬಂದಾಗ, ಮುಂದಿನ ಮುಖ್ಯಸ್ಥನನ್ನು ಮುಖ ನೋಡಿ ಆರಿಸಬಾರದು, ಅಂಕ ಹಾಕಿ ಆರಿಸಬೇಕು ಎಂದು ಸಂಖ್ಯಾಶಾಸ್ತ್ರ ಓದಿದ ಅವಳೇ ಹಟ ಹಿಡಿದಿದ್ದಳು. ಹಿಟ್ಟಿನ ತಯಾರಿಕೆಗೆ ಐವತ್ತರ ತೂಕ, ಕೆಲಸಗಾರರ ವಿಶ್ವಾಸಕ್ಕೆ ಮೂವತ್ತು, ಪತ್ರವ್ಯವಹಾರಕ್ಕೆ ಇಪ್ಪತ್ತು. ಅಂಕ ಕಾಣುವ ಮೊದಲೇ ತೂಕ ನಿಗದಿಯಾಗಬೇಕು, ಆಮೇಲೆ ಯಾರೂ ಮುಟ್ಟಬಾರದು ಎಂದು ಪಾಠ ಹೇಳಿ, ತೂಕ ಬರೆದ ಹಾಳೆಗೆ ಪಾಲುದಾರರೆಲ್ಲರ ಸಹಿಯನ್ನೂ ಹಾಕಿಸಿಕೊಂಡಿದ್ದಳು.

ಪಾಲುದಾರರು ಹಾಕಿದ ಅಂಕಗಳ ಲಕೋಟೆಗಳನ್ನು ಒಬ್ಬಳೇ ಒಡೆದಾಗ ಮುಂದಿದ್ದವನು ಹುಲಗಪ್ಪ. ರಾಯಚೂರಿನಿಂದ ಬಂದು ಅಕ್ಕಿಮೂಟೆ ಹೊತ್ತು, ಇಪ್ಪತ್ತು ವರ್ಷಗಳಲ್ಲಿ ರುಬ್ಬುವ ವಿಭಾಗದ ಮೇಲ್ವಿಚಾರಕನಾದವನು. ಹಿಂದುಳಿದವನು ಅವಳ ಒಡಹುಟ್ಟಿದ ಅಣ್ಣ ಕಶ್ಯಪ. ಪತ್ರವ್ಯವಹಾರದಲ್ಲಿ ಮಾತ್ರ ಅವನಿಗೆ ಹತ್ತಕ್ಕೆ ಒಂಬತ್ತು. ತನ್ವಿ ತಯಾರಿಕೆಯ ತೂಕದಿಂದ ಇಪ್ಪತ್ತನ್ನು ತೆಗೆದು ಪತ್ರವ್ಯವಹಾರಕ್ಕೆ ಸೇರಿಸಿದಳು; ಕಶ್ಯಪ ಮುಂದಾದ. ಕಂಪ್ಯೂಟರ್ ತಕರಾರು ಮಾಡಲಿಲ್ಲ. ದೊಡ್ಡಪ್ಪನೂ ಒಟ್ಟು ಮೊತ್ತವನ್ನಷ್ಟೇ ನೋಡಿ, ಲೆಕ್ಕ ನಿನ್ನದಾದ ಮೇಲೆ ನಾನು ನೋಡುವುದೇನು ಎಂದುಬಿಟ್ಟರು.

ಮಧ್ಯಾಹ್ನ ಕಶ್ಯಪನ ಆಯ್ಕೆಯ ಪೇಡೆ ಹಂಚುವ ಹೊತ್ತಿಗೆ ಹುಲಗಪ್ಪ ಅವಳ ಮೇಜಿನ ಬಳಿ ಬಂದ.

"ಅಕ್ಕಾರ, ನನಗ ಯಾವುದ್ರಾಗ ಕಮ್ಮಿ ಬಿದ್ದಾವ ಅಂತ ಬರದ್ ಕೊಡ್ರಿ. ಟಿಟ್ವಾಳಾ ಲೋಕಲ್ ರೈಲಿನ್ಯಾಗ ಕುಂತು ಕಲೀತೀನಿ. ಕುಂದ್ರಾಕ ಜಾಗಾ ಸಿಕ್ರ."

ಅವಳು ಬರೆದುಕೊಟ್ಟಳು: ತಯಾರಿಕೆ ಒಂಬತ್ತು, ವಿಶ್ವಾಸ ಎಂಟು, ಪತ್ರವ್ಯವಹಾರ ಮೂರು.

"ಮೂರು ಬರೋಬ್ಬರಿ ಐತ್ರಿ," ಎಂದು ಅವನು ನಕ್ಕ. "ನನ್ನ ಇಂಗ್ಲಿಷಿಗೆ ಅದೂ ಜಾಸ್ತೀನ. ನೀವು ಲೆಕ್ಕ ಮಾಡೀರಿ ಅಂದ್ರ ಮೋಸ ಇರಂಗಿಲ್ಲ."

ತನ್ವಿ ತಲೆಯೆತ್ತಲಾಗದೆ ಖಾನೆಯಿಂದ ಸಹಿಯಾದ ಹಾಳೆಯನ್ನು ತೆಗೆದಳು. ತನ್ನೊಡನೆ ಬರುವಂತೆ ಅವನಿಗೆ ಹೇಳಿ, ದೊಡ್ಡಪ್ಪನ ಕೋಣೆಗೆ ನಡೆದು, ಹಾಳೆಯನ್ನು ಅವರ ಮುಂದಿಟ್ಟು, ತಾನು ಮಾಡಿದ್ದನ್ನು ಹೇಳಿದಳು. ಅಲ್ಲೇ ಪೇಡೆಯ ಡಬ್ಬಿ ಹಿಡಿದಿದ್ದ ಕಶ್ಯಪ ನಿಂತಲ್ಲೇ ನಿಂತ.

"ಇವನಿಗೆ ಗೊತ್ತುಂಟಾ?" ದೊಡ್ಡಪ್ಪ ಕಶ್ಯಪನತ್ತ ಬೆರಳು ತೋರಿಸಿ ಕೇಳಿದರು.

"ಇಲ್ಲ. ನಾನೊಬ್ಬಳೇ."

"ಹಾಗಾದ್ರೆ ಸರಿಯಾದದ್ದು ಓದು. ಎಲ್ಲರಿಗೂ ಕೇಳಲಿ."

"ಹುಲಗಪ್ಪಣ್ಣನಿಗೆ ಏಳೂವರೆ. ಕಶ್ಯಪಣ್ಣನಿಗೆ ಆರು ಪಾಯಿಂಟ್ ಆರು." ತನ್ನ ದನಿ ತನಗೇ ಯಾರದೋ ಎನಿಸಿತು.

ಗೆದ್ದ ಹುಲಗಪ್ಪ, ತಪ್ಪು ತನ್ನದೇ ಎಂಬಂತೆ ನೆಲ ನೋಡುತ್ತಿದ್ದ. ಹಾಳೆಯನ್ನು ಹಿಂದಕ್ಕೆ ಪಡೆಯಲು ತನ್ವಿ ಕೈ ಚಾಚಿದಳು. ದೊಡ್ಡಪ್ಪ ಅದನ್ನು ಮಡಚಿ ತಮ್ಮ ಜೇಬಿಗೆ ಹಾಕಿಕೊಂಡರು.

"ಇದು ನನ್ನ ಹತ್ತಿರ ಇರ್ಲಿ, ಮಗಾ."